ಕಾಟಿಯ ಕಾಲಿನ ಬೂದಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಹಳ್ಳಗಳು ಯಾವ ಕಡೆ ಹರಿಯೋಣ ಎಂದು ಒಂದನ್ನೊಂದು ಕೇಳಿಕೊಂಡು ಓಡಾಡುತ್ತಿದ್ದವು. ನವಿಲಿಗೆ ತನ್ನ ಬಾಲ ಎಷ್ಟುದ್ದ ಎಂದು ಗೊತ್ತಿರಲಿಲ್ಲ. ದಿನಾ ಮುಳ್ಳಿಗೆ ಸಿಕ್ಕಿಸಿಕೊಂಡು ಅಳುತ್ತಿತ್ತು.

ಆಗ ಕಾಟಿಗೆ ಬಿಳಿ ಕಾಲು ಇರಲಿಲ್ಲ.

ಕಾಟಿ ಗೊತ್ತಲ್ಲ? ಕೆಲವರು ಕಾಡೆಮ್ಮೆ ಅನ್ನುತ್ತಾರೆ, ಕೆಲವರು ಕಾಡುಕೋಣ ಅನ್ನುತ್ತಾರೆ. ಏನೇ ಅನ್ನಿ, ಎದುರಿಗೆ ನಿಂತರೆ ಯಾರಿಗೂ ಮಾತು ಹೊರಡುವುದಿಲ್ಲ, ಅಷ್ಟು ದೊಡ್ಡ ಪ್ರಾಣಿ. ಆ ಕಾಲದಲ್ಲಿ ಅದು ಗೊರಸಿನಿಂದ ಕೊಂಬಿನ ಬುಡದವರೆಗೆ ಒಂದೇ ಬಣ್ಣ, ಹಂಚಿನ ಮೇಲೆ ಮರೆತುಬಿಟ್ಟ ರಾಗಿ ರೊಟ್ಟಿಯ ಬಣ್ಣ. ಹಾಗಾದರೆ ಮಂಡಿಯಿಂದ ಕೆಳಗೆ ಬಿಳಿ ಎಲ್ಲಿಂದ ಬಂತು? ಯಾರೋ ಸುಣ್ಣ ಬಳಿದರು ಅಂದುಕೊಳ್ಳಬೇಡಿ. ಅದು ಹಟದಿಂದ ಬಂದದ್ದು. ಒಂದು ಕಾಟಿಯ ಹಟ, ಒಬ್ಬ ಹೆಂಗಸಿನ ಹಟ, ಎರಡೂ ಸೇರಿ ಬಂದದ್ದು.

ಆ ಹೆಂಗಸಿನ ಹೆಸರು ಕೇತಿ. ಬೆಟ್ಟದ ನಡುವೆ ಒಂದು ಪೋಡಿನಲ್ಲಿ ಇದ್ದಳು. ಪೋಡು ಎಂದರೆ ಬಿದಿರಿನ ಗುಡಿಸಲುಗಳ ಸಣ್ಣ ಗುಂಪು. ಕೇತಿಯ ತಲೆ ಅರ್ಧ ನೆರೆತಿತ್ತು. ನಾಲಿಗೆ ಮಾತ್ರ ಒಂಚೂರೂ ನೆರೆತಿರಲಿಲ್ಲ. ಜೇನೆಂದರೆ ಅವಳಿಗೆ ಪ್ರಾಣ. ರೊಟ್ಟಿಗೆ ಜೇನು, ಗೆಣಸಿಗೆ ಜೇನು, ಏನೂ ಇಲ್ಲದಿದ್ದರೆ ಬೆರಳಿಗೆ ಜೇನು. ಮತ್ತೆ ಅವಳ ಕೆಲಸ ಏನು ಗೊತ್ತೇ? ಬೆಂಕಿಯನ್ನು ಕಾಡಿಗೆ ಕರೆದುಕೊಂಡು ಹೋಗಿ ತಿನ್ನಿಸಿಕೊಂಡು ಬರುವುದು.

ನಗಬೇಡಿ. ಆಗ ಬೆಂಕಿ ಚಿಕ್ಕ ಕೂಸು. ಒಲೆಯ ಮೂರು ಕಲ್ಲಿನ ನಡುವೆ ಮಲಗುತ್ತಿತ್ತು. ಚಳಿಗಾಲ ಮುಗಿಯುವ ಮೊದಲು, ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೀಳುತ್ತಿರುವಾಗ, ಕೇತಿ ಅದನ್ನು ಒಣಗಿದ ಆನೆಲದ್ದಿಯ ಉಂಡೆಯೊಳಗೆ ಕೂರಿಸಿ ಬೆಟ್ಟದ ನೆತ್ತಿಗೆ ಹೊತ್ತು ಒಯ್ಯುತ್ತಿದ್ದಳು. ಅಲ್ಲಿಂದ ಕೆಳಕ್ಕೆ ಬಿಡುತ್ತಿದ್ದಳು. ಬೆಂಕಿಗೆ ಏರು ಸಿಕ್ಕಿದರೆ ಓಟ, ಇಳಿಜಾರು ಸಿಕ್ಕಿದರೆ ಅಳುಕು. ಹಾಗಾಗಿ ಅದು ಒಂದೊಂದೇ ತರಗೆಲೆ ತಿನ್ನುತ್ತಾ ಮೆಲ್ಲಗೆ ಇಳಿಯುತ್ತಿತ್ತು. ಒಣಗಿದ ಹುಲ್ಲು ತಿನ್ನುತ್ತಿತ್ತು. ಪ್ರಾಣಿಗಳ ಮೈಗೆ ಹತ್ತಲು ಕಾದು ಕೂತ ಉಣ್ಣಿಗಳನ್ನೂ ತಿನ್ನುತ್ತಿತ್ತು. ದೊಡ್ಡ ಮರಗಳ ಪಾದಕ್ಕೆ ಕಚಗುಳಿ ಇಟ್ಟ ಹಾಗಾಗುತ್ತಿತ್ತು, ಅಷ್ಟೇ. ಸಂಜೆಗೆ ಹಳ್ಳದ ದಡಕ್ಕೆ ಬಂದು ಕಾಲು ಚಾಚಿ ನಿದ್ದೆ ಹೋಗುತ್ತಿತ್ತು. ಮೊದಲ ಮಳೆ ಬಿದ್ದ ಮೇಲೆ ಆ ಬೂದಿಯಲ್ಲಿ ಹಸಿರು ಹುಲ್ಲು ಏಳುತ್ತಿತ್ತು. ವರ್ಷ ವರ್ಷವೂ ಹೀಗೇ ನಡೆಯುತ್ತಿತ್ತು.

ಒಂದು ವರ್ಷ ರಾಗಿ ಎಂದೂ ಇಲ್ಲದಷ್ಟು ಬೆಳೆಯಿತು. ಹೊಸ ರಾಗಿ ಬಂದರೆ ಪೋಡಿನವರು ಕುಣಿಯಬೇಕು, ಅದು ಅವರ ಪದ್ಧತಿ. ಈ ಪೋಡಿನವರು ಆ ಪೋಡಿಗೆ ಹೋಗಿ ರೊಟ್ಟಿ ತಿಂದು ಕುಣಿದರು. ಆ ಪೋಡಿನವರು ಈ ಪೋಡಿಗೆ ಬಂದು ರೊಟ್ಟಿ ತಿಂದು ಕುಣಿದರು. ಬಂದು ಕುಣಿದವರ ಮರ್ಯಾದೆಗೆ ಇವರು ಮತ್ತೆ ಹೋಗಿ ಕುಣಿದರು.

ಮಂಜು ಬಾಗಿಲಿಗೆ ಬಂದು ಹೇಳಿತು, "ನಾನು ಹೊರಟೆ ಕಣ್ರಪ್ಪಾ. ಬೆಂಕಿ ಕೆಲಸ ಮುಗಿಸ್ಕೊಳ್ಳಿ."

"ನಾಳೆ" ಎಂದರು.

ಇಬ್ಬನಿ ಬಂದು ಹೇಳಿತು, "ನಾನೂ ಹೊರಟೆ. ಇನ್ನು ಕಾಯಕ್ಕಾಗಲ್ಲ."

"ನಾಳೆ" ಎಂದರು.

ಕೇತಿಯೂ ಕುಣಿದಳು. ಎಲ್ಲರಿಗಿಂತ ಜಾಸ್ತಿಯೇ ಕುಣಿದಳು. ಕಾಲು ನೋವು ಬಂದು ಕೂತಾಗ ನೋಡಿದರೆ ಇಬ್ಬನಿ ಇಲ್ಲ, ಮಂಜು ಇಲ್ಲ, ಬಿಸಿಲು ನೆತ್ತಿಯ ಮೇಲೆ, ಬಯಲಿನಿಂದ ಗಾಳಿ ಹೊರಟು ಬೆಟ್ಟ ಹತ್ತುತ್ತಿದೆ. ಆದರೂ ವರ್ಷದ ಕೆಲಸ ಬಿಡುವುದು ಹೇಗೆ ಎಂದುಕೊಂಡು ಕೂಸನ್ನು ಹೊತ್ತು ನೆತ್ತಿಗೆ ಹೋದಳು. ಕೆಳಕ್ಕೆ ಬಿಟ್ಟಳು. ಬೆಂಕಿ ಎರಡು ಹೆಜ್ಜೆ ಇಳಿಯಿತೋ ಇಲ್ಲವೋ, ಗಾಳಿ ಅದನ್ನು ಎತ್ತಿ ತಿರುಗಿಸಿ ಓಡಿಸಿತು. ಓಡಿದ ಬೆಂಕಿ ಹೋಗಿ ಜೇನುಮರ ಹತ್ತಿತು.

ಜೇನುಮರವೆಂದರೆ ಒಂದು ದೊಡ್ಡ ತಾರೆಮರ. ಕೊಂಬೆ ಕೊಂಬೆಗೂ ಹೆಜ್ಜೇನು ಕಟ್ಟುತ್ತಿದ್ದದ್ದು ಅಲ್ಲೇ. ಮರ ಉರಿಯಿತು. ಜೇನುಹುಳುಗಳು ಹೊಗೆಯ ಜೊತೆ ಎದ್ದು ಎಲ್ಲಿಗೋ ಹೊರಟುಹೋದವು.

ಪೋಡಿನ ಯಜಮಾನ ಜಡೆಯ, ಕೇತಿಯ ಒಡಹುಟ್ಟಿದ ಅಣ್ಣ. ಚಿಕ್ಕಂದಿನಿಂದ ಆ ಮರ ಹತ್ತಿ ಜೇನಿಳಿಸಿದವನು ಅವನು. ಸುಟ್ಟ ಬುಡವನ್ನು ತಬ್ಬಿಕೊಂಡು ಎಲ್ಲರೆದುರಿಗೇ ಅತ್ತ. ಅತ್ತು ಮುಗಿದ ಮೇಲೆ ಬೂದಿಯಲ್ಲಿ ಉಳಿದಿದ್ದ ಒಂದು ಜೇನುಹಟ್ಟಿಯ ತುಂಡನ್ನು ಎತ್ತಿ ಹಿಡಿದ. "ಇದನ್ನ ಮುಟ್ಟಿ ಆಣೆ ಮಾಡಿ. ಇನ್ನು ಈ ಬೆಟ್ಟಕ್ಕೆ ಬೆಂಕಿ ಇಲ್ಲ. ಬೆಂಕಿ ಒಲೇಲಿರ್ಲಿ. ಆಣೆ ಮುರಿದೋರಿಗೆ ಸಾಯೋಗಂಟ ಜೇನಿಲ್ಲ."

ಎಲ್ಲರೂ ಮುಟ್ಟಿದರು. ಕೇತಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಣ್ಣ, ತಡ ಮಾಡಿದ್ದು ನಾವು" ಎಂದಳು. "ಕುಣೀತಾ ಕೂತಿದ್ದು ನಾವು. ಕೂಸನ್ನ ಸುಡೋ ಬಿಸಿಲಲ್ಲಿ ಎಬ್ಬಿಸಿ, ಆ ಅಲೆಮಾರಿ ಗಾಳಿ ಕೈಗೆ ಕೊಟ್ಟೋಳು ನಾನು. ಈಗ ಏಟು ಮಾತ್ರ ಕೂಸಿಗಾ?"

ದುಃಖದಲ್ಲಿದ್ದವರಿಗೆ ಬೈಯಲು ಒಬ್ಬರು ಬೇಕು, ಬೆಂಕಿ ಸಿಕ್ಕಿತ್ತು. ಅವರು ಕೆಟ್ಟವರಲ್ಲ. ಕಾಡಿನ ಮೇಲಿನ ಪ್ರೀತಿಗೇ ಆ ಆಣೆ ಮಾಡಿದರು. ಪ್ರೀತಿಯಿಂದ ಮಾಡಿದ ತಪ್ಪನ್ನು ಬಿಡಿಸುವಷ್ಟು ಕಷ್ಟ ಬೇರೆ ಇಲ್ಲ.

ಬೆಂಕಿ ಒಲೆಯಲ್ಲಿ ಮುಖ ಊದಿಸಿಕೊಂಡು ಕೂತಿತು. ಕಾಡಿನಲ್ಲಿ ಎಲೆ ಉದುರಿತು. ಉದುರಿದ ಎಲೆಯ ಮೇಲೆ ಮರುವರ್ಷದ ಎಲೆ ಉದುರಿತು. ಅದರ ಮೇಲೆ ಮತ್ತೊಂದು ವರ್ಷದ್ದು. ಮೊದಲು ಪಾದ ಮುಳುಗುತ್ತಿತ್ತು, ಆಮೇಲೆ ಮಂಡಿ ಮುಳುಗಿತು, ಆಮೇಲೆ ಸೊಂಟ. ಸತ್ತ ಬಿದಿರು ಒಂದರ ಮೇಲೊಂದು ಬಿದ್ದುಕೊಂಡಿತು. ನೆಲ್ಲಿಯ ಬೀಜ ಕೆಳಗೆ ಬಿದ್ದರೆ ಮಣ್ಣೇ ಸಿಗುತ್ತಿರಲಿಲ್ಲ. ಎಲೆಗಳ ನಡುವೆ ಸಿಕ್ಕಿಕೊಂಡು, "ನೆಲ ಎಲ್ಲಿ, ನೆಲ ಎಲ್ಲಿ" ಎಂದು ಕೇಳಿ ಕೇಳಿ ಒಣಗಿಹೋಗುತ್ತಿತ್ತು. ಉಣ್ಣಿಗಳಿಗೆ ಮಾತ್ರ ಹಬ್ಬ.

ಒಂದು ಮಾಗಿಯ ಬೆಳಿಗ್ಗೆ ಕೇತಿಯ ಗುಡಿಸಲು ಗಡಗಡ ಅಲ್ಲಾಡಿತು. ಹೊರಗೆ ಬಂದು ನೋಡಿದರೆ ಒಂದು ಹೆಣ್ಣು ಕಾಟಿ ಅವಳ ಗುಡಿಸಲಿನ ಕಂಬಕ್ಕೆ ಮೈ ತಿಕ್ಕಿಕೊಳ್ಳುತ್ತಿದೆ.

"ಕಾಟವ್ವ, ಇರೋದು ಒಂದು ಗುಡಿಸಲು. ಅದನ್ನೂ ಬೀಳಿಸ್ತೀಯಾ?"

"ಬೀಳ್ಲಿ ಬುಡು ಕೇತಕ್ಕ" ಎಂದಿತು ಕಾಟಿ. "ಮೈ ತುಂಬ ಉಣ್ಣಿ. ನಿಮ್ಮ ಆಣೆಯಿಂದ ಬಂದ ಉಣ್ಣಿ. ಕಂಬ ಕೊಡೋದು ನಿಮ್ಮ ಕರ್ಮ."

ಕೇತಿಗೆ ಆ ಉತ್ತರ ಇಷ್ಟವಾಯಿತು. ಒಂದು ಕಡ್ಡಿ ತೆಗೆದುಕೊಂಡು ಅದರ ಕತ್ತಿನ ಉಣ್ಣಿ ಕೀಳುತ್ತಾ ನಿಂತಳು. ಆಗ ನೋಡಿದಳು, ಕಾಟಿಯ ಹೊಟ್ಟೆ ಎರಡೂ ಕಡೆ ಉಬ್ಬಿಕೊಂಡಿದೆ.

"ಬಸುರಿ ನೀನು."

"ಹೂಂ. ಬೇಸಿಗೇಲಿ ಈಯ್ತೀನಿ. ಉಪ್ಪಿನ ಕಣಿವೇಲಿ."

ಉಪ್ಪಿನ ಕಣಿವೆ ಎಂದರೆ ಹಳ್ಳದ ಪಕ್ಕದ ತಗ್ಗು. ಅಲ್ಲಿನ ಮಣ್ಣು ಉಪ್ಪುಪ್ಪು, ಕಾಡಿನ ಎಲ್ಲ ಪ್ರಾಣಿಗಳೂ ನೆಕ್ಕಲು ಬರುತ್ತಿದ್ದವು. ಸುತ್ತಲೂ ಹೊನ್ನೆ, ಮತ್ತಿ, ನೆಲ್ಲಿ ಮರಗಳು. ಉಣ್ಣಿ ಕೀಳುತ್ತಿದ್ದ ಕೇತಿ ಕಣಿವೆಯ ಕಡೆ ತಿರುಗಿ ನೋಡಿದಳು. ಬೆಟ್ಟದ ತರಗೆಲೆಯೆಲ್ಲ ಜಾರಿ ಬಂದು ಸೇರುವುದು ಆ ತಗ್ಗಿಗೇ.

ಅಷ್ಟರಲ್ಲಿ ಗಾಳಿ ಬಂದು ಛಾವಣಿಯ ಮೇಲೆ ಕೂತಿತು. ಆಗ ಗಾಳಿಗೆ ಬಲು ಜಂಬ. "ಏನು ಮುದುಕಿ, ಕಣಿವೆ ನೋಡಿದ್ಯಾ? ನೀವೆಲ್ಲ ಸೇರಿ ಎಷ್ಟು ಚೆನ್ನಾಗಿ ಬಡಿಸಿಟ್ಟಿದ್ದೀರಿ. ಬಿಸಿಲು ಏರ್ಲಿ. ಬಿದಿರಿಗೆ ಬಿದಿರು ಉಜ್ಜಿ ಹೊಸ ಬೆಂಕಿ ಹುಟ್ಟಿಸ್ತೀನಿ. ಮರದ ತುದಿ ಮೇಲೆ ಕುಣಿಸ್ತೀನಿ. ನಿಮಗೇ ಕುಣಿಯೋಕೆ ಬರೋದಾ?"

"ಹೋಗೋ, ಕಂಡಿದೀನಿ" ಎಂದಳು ಕೇತಿ. ಹಾಗೆ ಅಂದರೂ ಅವಳಿಗೆ ಭಯವಾಗಿತ್ತು. ಗಾಳಿ ಸುಳ್ಳು ಹೇಳುವ ಜಾತಿಯಲ್ಲ. "ಕಾಟವ್ವ, ಈ ವರ್ಷ ಬೇರೆ ಕಡೆ ಹೋಗಿ ಈಯವ್ವ."

"ಯಾಕೆ ಹೋಗ್ಲಿ?" ಕಾಟಿ ತಲೆ ಎತ್ತಿತು. "ನಮ್ಮವ್ವ ನನ್ನ ಈದದ್ದು ಅಲ್ಲಿ. ಅವಳ ಅವ್ವ ಅವಳನ್ನ ಈದದ್ದು ಅಲ್ಲಿ. ಬೆಂಕಿ ಬಂದ್ರೆ ನಾನೇನೋ ಓಡಬಹುದು. ಆಗ ತಾನೇ ಹುಟ್ಟಿದ ಕರು ಓಡಲ್ಲ. ನಾನು ಕರು ಬಿಟ್ಟು ಓಡೋಳಲ್ಲ. ಓಡ್ಬೇಕಾದ್ದು ಗಾಳಿ. ನಾನು ಹೋಗಲ್ಲ."

ಕೇತಿ ಕಡ್ಡಿ ಬಿಸಾಡಿದಳು. ಒಳಗೆ ಹೋಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಕೂಸೆ, ಏಳು. ಕೆಲಸ ಅದೆ."

ಬೆಂಕಿ ಬೂದಿಯಿಂದ ಒಂದು ಕಣ್ಣು ತೆರೆಯಿತು. "ನಾನು ಕೆಟ್ಟೋನು. ನೀವೇ ಅಂದ್ರಿ."

"ನಾನು ಅನ್ಲಿಲ್ಲ. ಈಗ ನಿಜ ಹೇಳು, ಕಣಿವೇಲಿ ಬಿಟ್ರೆ ನೀನು ಎಷ್ಟೆತ್ತರ ನಿಲ್ತೀಯ?"

"ನಂಗೆ ನಂದೇ ಅಂತ ಎತ್ತರ ಇಲ್ಲವ್ವ" ಎಂದಿತು ಬೆಂಕಿ. "ಮುಂದೆ ಎಷ್ಟು ಬಡಿಸ್ತೀರೋ ನಾನು ಅಷ್ಟೇ. ಒಂದೆಲೆ ಹಾಕು, ಇರುವೆಯಷ್ಟಿರ್ತೀನಿ. ಬೆಟ್ಟ ಹಾಕು, ಬೆಟ್ಟ ಆಯ್ತೀನಿ. ಅಳತೆ ನಿಮ್ಮದು, ಬೈಗುಳ ಮಾತ್ರ ನಂದು."

ಕಾಟಿ ಬಾಗಿಲಿನಲ್ಲೇ ತಲೆ ತೂರಿಸಿತ್ತು. "ಅಳತೆ ನಾನು ಕೊಡ್ತೀನಿ" ಎಂದಿತು. "ನನ್ನ ಮಂಡಿ. ಅಷ್ಟರ ಮೇಲೆ ಬರೋ ಹಾಗಿಲ್ಲ. ನಾನು ನಿಂತಿರ್ತೀನಿ. ಬಂದ್ರೆ ತುಳೀತೀನಿ."

"ಹಾಗೇ ಆಗ್ಲಿ" ಎಂದಿತು ಬೆಂಕಿ. ಅದರ ದನಿಯಲ್ಲಿ ಮುನಿಸು ಸ್ವಲ್ಪ ಇಳಿದಿತ್ತು.

ಆದರೆ ಸೊಂಟದುದ್ದ ತರಗೆಲೆಯಲ್ಲಿ ಮಂಡಿಯುದ್ದ ಬೆಂಕಿ ಹೇಗೆ ನಿಲ್ಲಬೇಕು? ಮೊದಲು ಅದು ತೆಳುವಾಗಬೇಕು. ಕೇತಿ ಸೊಪ್ಪಿನ ಬರಲು, ಅಂದರೆ ಪೊರಕೆ, ಕಟ್ಟಿಕೊಂಡು ದೊಡ್ಡ ಮರಗಳ ಬುಡದಿಂದ ಎಲೆ ಗುಡಿಸಿದಳು. ಕಾಟಿ ತನ್ನ ಹಿಂಡನ್ನು ಕರೆದು ತಂದಿತು. ಹಿಂಡು ಕಣಿವೆಯ ಸುತ್ತ ನಡೆಯಿತು, ಮತ್ತೆ ನಡೆಯಿತು, ಮತ್ತೆ ಮತ್ತೆ ನಡೆಯಿತು. ಎಲೆಯೆಲ್ಲ ಪುಡಿಯಾಗಿ ಮಣ್ಣಿನೊಳಗೆ ಹೋಗಿ ಅಗಲವಾದ ಬರಿ ನೆಲದ ದಾರಿ ಬಿತ್ತು. ಸತ್ತ ಬಿದಿರನ್ನು ಕೊಂಬಿನಿಂದ ಎತ್ತಿ ಆಚೆ ಬಿಸಾಡಿದವು. ಕೇತಿಯ ಅಂಗೈ ಬೊಬ್ಬೆ ಬಂದು ಒಡೆಯಿತು. ಅವಳು ದಾರಿಯುದ್ದಕ್ಕೂ ಪೋಡಿನವರನ್ನು ಬೈದುಕೊಂಡೇ ಗುಡಿಸಿದಳು. ಬೈಗುಳ ಮುಗಿದರೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಹಳ್ಳ ನೋಡುತ್ತಾ ಹರಿಯುತ್ತಿತ್ತು. "ನಾನೇನು ಮಾಡ್ಲಿ ಕೇತಿ?" ಎಂದು ಕೇಳಿತು.

"ನೀನು ನಿನ್ನ ಜಾಗದಲ್ಲಿರು ತಾಯಿ. ಕೂಸು ಬಂದು ಮಲಗೋಕೆ ಒಂದು ದಡ ಬೇಕು."

ಇಬ್ಬನಿ ದಟ್ಟವಾಗಿ ಬಿದ್ದ ಒಂದು ಬೆಳಿಗ್ಗೆ, ಗಾಳಿ ಇನ್ನೂ ಬಯಲಿನಲ್ಲಿ ಗೊರಕೆ ಹೊಡೆಯುತ್ತಿರುವಾಗ, ಕೇತಿ ಆನೆಲದ್ದಿಯ ಉಂಡೆ ಹೊತ್ತು ಕಣಿವೆಯ ಮೇಲಿನ ಅಂಚಿಗೆ ಹೊರಟಳು. ಹೊಗೆಯ ವಾಸನೆ ಬಚ್ಚಿಡಲು ಆಗುತ್ತದೆಯೇ? ಪೋಡಿಗೆ ಪೋಡೇ ಹಿಂದೆ ಬಂತು. ಮುಂದೆ ಜಡೆಯ.

"ಕೇತಿ, ಕೆಳಗಿಡು ಅದನ್ನ."

"ಇಡಲ್ಲ."

"ಜೇನು ಮುಟ್ಟಿ ಆಣೆ ಮಾಡಿದೀವಿ."

"ನೀನು ಮುಟ್ಟಿದೆ. ಇವರೆಲ್ಲ ಮುಟ್ಟಿದ್ರು. ನನ್ನ ಕೈ ಬೆನ್ನ ಹಿಂದೆ ಇತ್ತು. ನೀನೇ ಕಣ್ಣಾರೆ ನೋಡಿದ್ದೆ."

ಜಡೆಯನ ಮುಖ ಕೆಂಪಾಯಿತು. "ಜೇನುಮರ ಸುಟ್ಟದ್ದು ಮರೆತುಹೋಯ್ತಾ ನಿಂಗೆ?"

"ಮರೆತಿಲ್ಲ ಅಣ್ಣ. ಕಣ್ಣು ಮುಚ್ಚಿದ್ರೆ ಅದೇ ಕಾಣ್ತದೆ. ಅದಕ್ಕೇ ಹೇಳ್ತಾ ಇದೀನಿ. ಅವತ್ತು ಒಂದು ಮರ ಹೋಯ್ತು. ಕಣಿವೇನ ಹೀಗೇ ಬುಟ್ರೆ ಹೋಗೋದು ಒಂದು ಮರ ಅಲ್ಲ."

"ಈ ಕೆಂಡ ನೆಲಕ್ಕೆ ಬಿದ್ದ ಗಳಿಗೆಯಿಂದ ನಿಂಗೆ ಜೇನಿಲ್ಲ. ನನ್ನ ತಂಗಿ ಅಂತ ನೋಡಲ್ಲ."

ಜೇನಿಲ್ಲದ ರೊಟ್ಟಿ, ಜೇನಿಲ್ಲದ ಗೆಣಸು, ಎಲ್ಲ ಒಂದೇ ಸಲ ಕೇತಿಯ ಕಣ್ಣ ಮುಂದೆ ಬಂದವು. ಅಣ್ಣ ಹಾಗೆ ಅಂದನಲ್ಲ ಎಂಬ ನೋವು ಅದಕ್ಕಿಂತ ದೊಡ್ಡದು. ಆದರೂ ಹೇಳಿದಳು, "ಬ್ಯಾಡ. ಸಪ್ಪೆ ರೊಟ್ಟಿ ತಿಂತೀನಿ. ತಿಂದು ನಿಮ್ಮೆಲ್ಲರ ಕಣ್ಣ ಮುಂದೆ ಬದುಕ್ತೀನಿ."

ಜಡೆಯ ಕೈ ಚಾಚಿ ಮುಂದೆ ಬಂದ. ಆಗ ಕಾಟಿ ಇಬ್ಬರ ನಡುವೆ ಬಂದು ನಿಂತಿತು. ಅದು ಗುಮ್ಮಲಿಲ್ಲ, ಗುಟುರು ಹಾಕಲಿಲ್ಲ. ಸುಮ್ಮನೆ ನೋಡಿತು. ಕಾಟಿ ಹಾಗೆ ನೋಡಿದರೆ ಎಂಥವನಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಜಡೆಯ ಕೈ ಹಿಂದಕ್ಕೆ ತೆಗೆದುಕೊಂಡ.

ಕೇತಿ ಉಂಡೆ ಒಡೆದು ಕೆಂಡವನ್ನು ನೆಲಕ್ಕಿಟ್ಟಳು. "ಹೋಗು ಕೂಸೆ. ಮೆಲ್ಲಗೆ ತಿನ್ನು."

ಬೆಂಕಿ ಇಳಿಯಿತು. ಕಾಟಿ ಅದರ ಪಕ್ಕದಲ್ಲೇ ಇಳಿಯಿತು. ಬೆಂಕಿ ಗೊರಸಿನಷ್ಟಿತ್ತು, ಕಾಟಿ ಸುಮ್ಮನಿತ್ತು. ಬೆಂಕಿ ಇನ್ನೊಂದು ಗೇಣು ಎದ್ದಿತು, ಕಾಟಿ ಸುಮ್ಮನಿತ್ತು. ಮಂಡಿಯ ಹತ್ತಿರ ಬಂದರೆ, "ಹೂಂ" ಎಂದು ಗದರಿಸುತ್ತಿತ್ತು. ಬೆಂಕಿ ತಲೆ ಬಗ್ಗಿಸುತ್ತಿತ್ತು. ಅದು ಹೋದ ಕಡೆಯೆಲ್ಲ ಹಿಂದೆ ಬೆಚ್ಚನೆಯ ಬೂದಿ ಉಳಿಯಿತು, ಕಾಟಿ ಆ ಬೂದಿಯಲ್ಲಿ ನಡೆಯಿತು.

ಅರ್ಧ ಕಣಿವೆ ಮುಗಿದಿತ್ತು. ಅಲ್ಲೊಂದು ಕಡೆ ಎಲೆಯ ಅಡಿಯಲ್ಲಿ ಹೂತಿದ್ದ ಒಣ ಬಿದಿರಿನ ರಾಶಿ ಕೇತಿಯ ಕಣ್ಣು ತಪ್ಪಿಸಿಕೊಂಡಿತ್ತು. ಬೆಂಕಿ ಅದರ ಮೇಲೆ ಕಾಲಿಟ್ಟದ್ದೇ ತಡ, ಬಿದಿರು ಪಟಪಟ ಸಿಡಿಯಿತು. ಅದೇ ಹೊತ್ತಿಗೆ ಗಾಳಿಗೆ ಎಚ್ಚರವಾಯಿತು. ಓಡಿ ಬಂದು ಬೆಂಕಿಯ ಕೈ ಹಿಡಿದು ಎಳೆಯಿತು. "ಬಾರೋ, ಏಳೋ, ಹಳೇ ಗೆಳೆಯ."

ಬೆಂಕಿ ಎದ್ದಿತು. ಮಂಡಿ ದಾಟಿತು. ತೊಡೆ ದಾಟಿತು. ಪೋಡಿನವರೆಲ್ಲ ಹಿಂದೆ ಸರಿದರು. ಕೇತಿ ಸೊಪ್ಪಿನ ಬರಲು ಎತ್ತಿಕೊಂಡು ಓಡಿದಳು, ಬಡಿದಳು, ಹುಬ್ಬು ಸುಟ್ಟುಕೊಂಡಳು. ಕಾಟಿ ಹಿಂದೆ ಸರಿಯಲಿಲ್ಲ. ತುಂಬು ಹೊಟ್ಟೆ ಹೊತ್ತುಕೊಂಡು ಬಿದಿರಿನ ರಾಶಿಯೊಳಗೇ ಕಾಲಿಟ್ಟಿತು. ತುಳಿಯಿತು. ಕಾಲಿನ ಕೂದಲು ಚುರುಚುರು ಸುಟ್ಟಿತು, ಅದು ತುಳಿಯಿತು. ಚರ್ಮ ಉರಿಯಿತು, ಅದು ತುಳಿಯಿತು.

"ಕಾಟವ್ವ, ಈಚೆ ಬಾ" ಎಂದು ಕೇತಿ ಕೂಗಿದಳು.

"ಬರಲ್ಲ" ಎಂದಿತು ಕಾಟಿ. "ಮಂಡಿ ಅಂದ್ರೆ ಮಂಡಿ."

ತುಳಿದು ತುಳಿದು ಬಿದಿರನ್ನು ಪುಡಿ ಮಾಡಿತು. ಬೆಂಕಿ ಉಸ್ಸೆಂದು ಕೆಳಗೆ ಕೂತಿತು. ಗಾಳಿಯ ಕೈಗೆ ಹೊಗೆ ಮಾತ್ರ ಸಿಕ್ಕಿತು. ಕೆಮ್ಮುತ್ತಾ ಹೊರಟುಹೋಯಿತು.

ಸಂಜೆಗೆ ಬೆಂಕಿ ಹಳ್ಳದ ದಡಕ್ಕೆ ಬಂದು ಮಲಗಿತು. ಕಾಟಿಯ ನಾಲ್ಕೂ ಕಾಲಿಗೆ ಮಂಡಿಯವರೆಗೆ ಬೂದಿ ಮೆತ್ತಿಕೊಂಡಿತ್ತು. "ಬಾ ಮಗಳೇ, ತೊಳೀತೀನಿ. ಉರಿ ಕಮ್ಮಿ ಆಯ್ತದೆ" ಎಂದಿತು ಹಳ್ಳ.

"ಈಗ ಬ್ಯಾಡ" ಎಂದಿತು ಕಾಟಿ. ಕುಂಟುತ್ತಾ ಹೋಗಿ ಕಣಿವೆಯ ನಡುವೆ ಮಲಗಿತು.

ಆಮೇಲೆ ಪೋಡಿನಲ್ಲಿ ಕೇತಿಯ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಅವಳು ಬಾಗಿಲಲ್ಲಿ ಕೂತು ಸಪ್ಪೆ ರೊಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಅಗಿದು ಅಗಿದು ತಿಂದಳು. ರುಚಿ ಇರಲಿಲ್ಲ. ಆದರೆ ಅದನ್ನು ಅವಳು ಯಾರಿಗೂ ತೋರಿಸಲಿಲ್ಲ.

ಬಿಸಿಲು ಏರಿತು. ಗಾಳಿ ಮಾತಿಗೆ ತಪ್ಪಲಿಲ್ಲ. ಬಿದಿರಿಗೆ ಬಿದಿರು ಉಜ್ಜಿತು. ದೂರದ ಗುಡ್ಡದಲ್ಲಿ ಕಿಡಿ ಎದ್ದಿತು, ಕಿಡಿಯ ಮುಂದೆ ವರ್ಷಗಟ್ಟಲೆ ಬಡಿಸಿಟ್ಟ ಎಲೆ. ತಿಂದಿತು, ಬೆಳೆಯಿತು. ತಿಂದಿತು, ಇನ್ನೂ ಬೆಳೆಯಿತು. ಮರದ ತುದಿಯಿಂದ ಮರದ ತುದಿಗೆ ಹಾರಿತು. ಹಗಲಿನಲ್ಲೇ ಆಕಾಶ ಕಪ್ಪಾಯಿತು. ಜಿಂಕೆ, ಕರಡಿ, ಮುಂಗುಸಿ, ಕಾಡುಕೋಳಿ ಎಲ್ಲ ಓಡಿದವು. ಎಲ್ಲಿಗೆ ಓಡುವುದು? ಎಲ್ಲ ಕಡೆಯೂ ಎಲೆ, ಎಲ್ಲ ಕಡೆಯೂ ಬೆಂಕಿ. ಇಡೀ ಬೆಟ್ಟದಲ್ಲಿ ತಿನ್ನಲು ಏನೂ ಉಳಿಯದಿದ್ದ ಜಾಗ ಒಂದೇ ಇತ್ತು.

ಪೋಡಿನವರೂ ಅಲ್ಲಿಗೇ ಓಡಿ ಬಂದರು. ಜಡೆಯ ಹೆಗಲ ಮೇಲೆ ಒಂದು ಮಗು, ಕಂಕುಳಲ್ಲಿ ಒಂದು ಮಗು ಎತ್ತಿಕೊಂಡು ಕೊನೆಯಲ್ಲಿ ಬಂದ. ಅವನ ಹಿಂದೆಯೇ ಗುಡಿಸಲುಗಳಿಗೆ ಬೆಂಕಿ ಹತ್ತಿತು. ಕೇತಿ ಸರಿದು ಜಾಗ ಕೊಟ್ಟಳು. ಅನ್ನಲು ಅವಳ ಬಳಿ ತುಂಬ ಇತ್ತು, ಆದರೆ ಆಗ ಕಣಿವೆಯ ನಡುವೆ ಕಾಟಿ ಈಯಲು ನೋವು ತಿನ್ನುತ್ತಿತ್ತು.

ಕೇತಿ ಬರಿ ನೆಲದ ದಾರಿಯ ಮೇಲೆ ಹೋಗಿ ನಿಂತಳು. ದೊಡ್ಡ ಬೆಂಕಿ ಬೆಟ್ಟದಿಂದ ಮುರಿದುಕೊಂಡು ಬಂತು. ಬಿಸಿಗೆ ಅವಳ ಸೀರೆಯ ಸೆರಗು ಮುದುಡಿತು. ಅವಳು ನಿಂತೇ ಇದ್ದಳು.

ಬೆಂಕಿ ದಾರಿಯ ಅಂಚಿಗೆ ಬಂದಿತು. ಬಾಯಿ ತೆರೆದು ಆಚೆ ನೋಡಿತು. ಎಲೆ ಇಲ್ಲ. ಒಣ ಹುಲ್ಲಿಲ್ಲ. ಬಿದಿರಿಲ್ಲ. ಹಳೆಯ ಬೂದಿ, ಅದರಲ್ಲಿ ಹಳ್ಳದ ತೇವಕ್ಕೆ ಚಿಗುರಿದ ಬೆರಳುದ್ದ ಹಸಿರು ಹುಲ್ಲು.

"ಹಾರೋ" ಎಂದು ಗಾಳಿ ಹಿಂದಿನಿಂದ ನೂಕಿತು. ಒಂದಷ್ಟು ಕಿಡಿಗಳು ಹಾರಿ ಬಂದವು. ಹಸಿ ಹುಲ್ಲಿನ ಮೇಲೆ ಬಿದ್ದು ಚುಂಯ್ ಎಂದವು. ಪೋಡಿನ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಪ್ಪು ಮುರಿದುಕೊಂಡು ಉಳಿದದ್ದನ್ನು ಬಡಿದರು. ಜಡೆಯನೂ ಬಡಿದ.

ಮರದೆತ್ತರದ ಬೆಂಕಿ ಆಳೆತ್ತರಕ್ಕೆ ಇಳಿಯಿತು. ಆಳೆತ್ತರದ್ದು ಮಂಡಿಗೆ ಇಳಿಯಿತು. ಆಮೇಲೆ ಕೇತಿಯ ಕಾಲಿನ ಹತ್ತಿರ ಕೂತು, ಪುಟ್ಟ ದನಿಯಲ್ಲಿ ಹೇಳಿತು, "ಅವ್ವ, ಇಲ್ಲಿ ತಿನ್ನೋಕೇ ಏನೂ ಇಲ್ವಲ್ಲ."

"ಇಲ್ಲ ಕೂಸೆ" ಎಂದಳು ಕೇತಿ. "ಮಲಿಕ್ಕೋ."

ಬೆಂಕಿ ಮಲಗಿತು. ಹಿಂದೆ ಕಣಿವೆಯ ನಡುವೆ ಒಂದು ಸಣ್ಣ ದನಿ ಕೇಳಿಸಿತು. ಹೊನ್ನಿನ ಬಣ್ಣದ ಕರು, ಒದ್ದೆ ಒದ್ದೆ ಕಾಲಿನ ಮೇಲೆ ಏಳಲು ನೋಡುತ್ತಿತ್ತು. ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಕೇತಿ ಆಗ ಅತ್ತಳು. ಜೋರಾಗಿಯೇ ಅತ್ತಳು.

ಸುತ್ತಲ ಬೆಟ್ಟ ಕರಕಲಾಗಿತ್ತು. ಬೀಜ ಎಲ್ಲಿಂದ ತರುವುದು? ಕಣಿವೆಯಲ್ಲಿ ಹೊನ್ನೆ ಉಳಿದಿತ್ತು, ಮತ್ತಿ ಉಳಿದಿತ್ತು, ನೆಲ್ಲಿ ಉಳಿದಿತ್ತು. ಪೋಡಿನವರು ಅಲ್ಲಿಂದ ಬೀಜ ಆಯ್ದರು. ಮಳೆ ಬೀಳುವ ಮೊದಲು ಬೆಟ್ಟದ ತುಂಬ ಚೆಲ್ಲಿದರು. ಕಾಟಿಗಳು ಹಿಂದೆ ನಡೆದು ಗೊರಸಿನಿಂದ ಬೀಜವನ್ನು ಮಣ್ಣಿಗೆ ಒತ್ತಿದವು. ಕರಡಿ ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೋ ಬಿಟ್ಟು ಬಂತು, ಅದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನೆಲ್ಲಿಯ ಬೀಜ ಬಿದ್ದ ಕೂಡಲೇ, "ಓ, ನೆಲ ಇಲ್ಲೇ ಅದೆ" ಎಂದು ಬೇರು ಬಿಟ್ಟಿತು. ಬೆಟ್ಟ ಹಸಿರಾಗಲು ಬಹಳ ವರ್ಷ ಬೇಕಾಯಿತು. ಆದರೆ ಮೊದಲ ಹೆಜ್ಜೇನು ಆ ಮಳೆಗಾಲ ಮುಗಿದ ಕೂಡಲೇ ವಾಪಸು ಬಂತು, ಕಣಿವೆಯ ಮತ್ತಿ ಮರಕ್ಕೆ.

ಜಡೆಯ ಮರ ಹತ್ತಿ ಜೇನಿಳಿಸಿದ. ಮೊದಲ ತುಂಡನ್ನು ತಂದು ಕೇತಿಯ ಮುಂದೆ ಹಿಡಿದ.

"ಆಣೆ ಮುರಿದೋರಿಗೆ ಜೇನಿಲ್ಲ ಅಂದಿದ್ದೆ" ಎಂದಳು ಕೇತಿ, ಮುಖ ತಿರುಗಿಸಿ.

"ಆಣೆ ಮಾಡಿದೋರು ತಾನೇ ಮುರಿಯೋದು" ಎಂದ ಜಡೆಯ. "ನಿನ್ನ ಕೈ ಬೆನ್ನ ಹಿಂದೆ ಇತ್ತು. ನಾನೇ ಕಣ್ಣಾರೆ ನೋಡಿದ್ದೆ."

ಕೇತಿ ಬೇಡ ಅನ್ನಬೇಕೆಂದಿದ್ದಳು. ಬಾಯಲ್ಲಿ ನೀರೂರಿತ್ತು. ತಿಂದಳು.

ಮುಂದಿನ ಮಾಗಿಗೆ ಎಲ್ಲರೂ ಬೆಂಕಿ ಹೊರಡಿಸಲು ಸೇರಿದರು. ಹೊಸ ರಾಗಿಯ ಕುಣಿತ ಬೆಂಕಿ ಕೆಲಸ ಮುಗಿದ ಮೇಲೆ ಎಂದು ತೀರ್ಮಾನವಾಯಿತು. ಆದರೆ ಎತ್ತರದ ಮಾತು ಬಂದಾಗ ಜಗಳ ಹತ್ತಿತು. ಹೆದರಿದವರು ಪಾದದಷ್ಟು ಸಾಕು ಎಂದರು. ಧೈರ್ಯ ಬಂದವರು ಸೊಂಟದಷ್ಟಿರಲಿ ಎಂದರು. ಆಗ ಕಾಟಿ ಬಂದು ನಡುವೆ ನಿಂತಿತು. ಮಳೆಗಾಲ ಮುಗಿದಿದ್ದರೂ ಅದರ ಕಾಲಿನ ಬೂದಿ ಹೋಗಿರಲಿಲ್ಲ. ಮಳೆ ಮೈಯನ್ನೆಲ್ಲ ತಿಕ್ಕಿ ತೊಳೆದು ಕಾಲಿಗೆ ಬಂದಾಗ ಕಾಟಿ ಒಂದು ಸಲ ನೋಡಿತ್ತಂತೆ. ಮಳೆ ಅಲ್ಲಿಗೇ ನಿಲ್ಲಿಸಿತ್ತು.

"ಇನ್ನಾದ್ರೂ ಬಾ, ತೊಳೀತೀನಿ" ಎಂದು ಹಳ್ಳ ಕರೆಯಿತು.

"ಬ್ಯಾಡ" ಎಂದಿತು ಕಾಟಿ. "ಮನುಷ್ಯರಿಗೆ ಕುಣಿಯೋಕೆ ಸಿಕ್ಕಿದ್ರೆ ಎಲ್ಲ ಮರೀತಾರೆ. ತೊಳೆದುಬಿಟ್ರೆ ಅಳತೆ ಎಲ್ಲಿ ಹುಡುಕ್ತಾರೆ? ಇದು ನನ್ನ ಕಾಲು. ಇದು ಹಿಂಗೇ ಇರ್ತದೆ."

ಕಾಟಿಯ ಕರು ಹುಟ್ಟುವಾಗ ಇವತ್ತಿಗೂ ಅದರ ಕಾಲಿನಲ್ಲಿ ಬಿಳಿ ಇರುವುದಿಲ್ಲ. ದೊಡ್ಡದಾಗುತ್ತಾ ಅವ್ವನ ಹಿಂದೆ ನಡೆದು ಅದನ್ನು ಪಡೆದುಕೊಳ್ಳುತ್ತದೆ. ನೀವು ಎಂದಾದರೂ ಬೆಟ್ಟದ ದಾರಿಯಲ್ಲಿ ಹೋಗುವಾಗ ಒಂದು ಕಾಟಿ ಅಡ್ಡ ನಿಂತು, ದಾರಿ ಬಿಡದೆ, ಮಂಡಿಯವರೆಗಿನ ಬಿಳಿ ಕಾಲನ್ನು ಊರಿಕೊಂಡು ನಿಮ್ಮನ್ನೇ ದಿಟ್ಟಿಸಿದರೆ, ಅದು ಕೇಳುತ್ತಿರುವುದು ಇಷ್ಟೇ: ಇಬ್ಬನಿ ಹೋಗುವ ಮೊದಲು ಬೆಂಕಿ ಕೆಲಸ ಮುಗಿಸಿದಿರಾ, ಇಲ್ಲ ಇನ್ನೂ ಕುಣಿಯುತ್ತಲೇ ಇದ್ದೀರಾ?